ಸೀಟು, ಬೆಲ್ಟು ಮತ್ತು ಅಪ್ಪನ ಹೆಬ್ಬೆರಳು

ಬಹಳ ದಿನಗಳಿಂದ ಈ ಕಡೆ ತಲೆ ಹಾಕಿರಲಿಲ್ಲ. ಆಫೀಸು, ರಿಲೀಸು, ಮತ್ತೆ ಆಫೀಸು... ಸಬೂಬುಗಳಿಗೇನು ಬರವೇ? ನಿಜವಾದ ಕಾರಣ ಬೇರೆ. ಕಳೆದ ನಾಲ್ಕು ತಿಂಗಳ ಶನಿವಾರ ಭಾನುವಾರಗಳನ್ನೆಲ್ಲ ನಾನು ಒಂದು ಹಳೆಯ ಕಾರಿನ ಸೀಟಿನ ಕೆಳಗೆ ತಲೆ ತೂರಿಸಿಕೊಂಡು ಕಳೆದಿದ್ದೇನೆ. ಅದರ ಕಥೆ ಇದು. ಕಾರಿನ ವಿಷಯ ಅಂತ ಮುಖ ಸಿಂಡರಿಸಬೇಡಿ, ಕೊನೆಗೆ ನಿಮಗೂ ಒಂದು ಕೆಲಸ ಹೇಳೋದಿದೆ :)

ನನ್ನದು 1994ರ ಮಾಜ್ದಾ ಮಿಯಾಟಾ. ಎರಡೇ ಸೀಟು, ಮೇಲೆ ಬಟ್ಟೆಯ ಚಾವಣಿ, 1.8 ಲೀಟರಿನ ಎಂಜಿನ್ನು, 128 ಕುದುರೆಗಳು. ಈ ಮಾದರಿ ಮೊದಲು ಜನರ ಕಣ್ಣಿಗೆ ಬಿದ್ದದ್ದು 1989ರ ಫೆಬ್ರವರಿಯಲ್ಲಿ, ಷಿಕಾಗೋ ಆಟೋ ಶೋನಲ್ಲಿ. ಅಂದರೆ ಕಾರಿನ ಜಾತಿ ನನಗಿಂತ ಹಿರಿದು, ನನ್ನ ಕಾರೂ ನನಗಿಂತ ಎರಡು ಮೂರು ವರ್ಷ ಹಿರಿದು. ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ ಸಾಫ್ಟ್‌ವೇರಿಗೆ ಬಿದ್ದ ಲಕ್ಷಾಂತರ ಹುಡುಗರಲ್ಲಿ ನಾನೂ ಒಬ್ಬ. ಕ್ಯಾಲಿಫೋರ್ನಿಯಾಕ್ಕೆ ಬಂದ ಮೇಲೆ, ಓದಿದ್ದಕ್ಕೆ ಪ್ರಾಯಶ್ಚಿತ್ತ ಅಂತ ಈ ಕಾರು ಕೊಂಡೆ. ಹೆಂಡತಿ ಇದನ್ನು 'ಸವತಿ' ಅಂತಾಳೆ.

ತೊಂದರೆ ಶುರುವಾದದ್ದು ನನ್ನ ಎತ್ತರದಿಂದ. ನಾನು ಆರಡಿ ಒಂದಿಂಚು. ಈ ಕಾರು ಮಾಡಿದವರ ಮನಸ್ಸಿನಲ್ಲಿ ನನ್ನಂಥವನು ಇರಲೇ ಇಲ್ಲ. ಫ್ರೀಮಾಂಟಿನಿಂದ ಎರಡೂವರೆ ಮೂರು ಗಂಟೆ ಉತ್ತರಕ್ಕೆ ಹೋದರೆ ವಿಲ್ಲೋಸ್ ಅನ್ನೋ ಊರಿದೆ. ಅಲ್ಲಿ ಥಂಡರ್‌ಹಿಲ್ ಅಂತ ರೇಸ್ ಟ್ರ್ಯಾಕು. ದುಡ್ಡು ಕಟ್ಟಿದರೆ ನಿಮ್ಮ ಕಾರನ್ನೇ ಅಲ್ಲಿ ಓಡಿಸಬಹುದು. ರೇಸಲ್ಲ, ಗೆಲ್ಲೋದಿಲ್ಲ, ಸೋಲೋದಿಲ್ಲ, ಟೈರು ಸವೆಸಿ ಮನೆಗೆ ಬರೋದು ಅಷ್ಟೇ. ಆದರೆ ಚಾವಣಿ ಬಿಚ್ಚುವ ಕಾರಾದರೆ ಸೀಟಿನ ಹಿಂದೆ ಉಕ್ಕಿನ ರೋಲ್ ಬಾರ್ ಇರಬೇಕು, ಮತ್ತು 'ಪೊರಕೆ ಕಡ್ಡಿ ಪರೀಕ್ಷೆ' ಪಾಸಾಗಬೇಕು ಅಂತ ನಾನು ಸೇರಿದ ಗುಂಪಿನ ನಿಯಮ. ಹೆಸರು ನಾನು ಕಟ್ಟಿದ್ದಲ್ಲ, ಅವರೇ ಹಾಗೆ ಕರೆಯುತ್ತಾರೆ. ರೋಲ್ ಬಾರಿನ ತುದಿಯಿಂದ ಮುಂದಿನ ಗಾಜಿನ ಚೌಕಟ್ಟಿಗೆ ಒಂದು ನೇರ ಕೋಲು ಇಡುತ್ತಾರೆ. ಹೆಲ್ಮೆಟ್ ಹಾಕಿಕೊಂಡು ಕೂತವನ ತಲೆ ಆ ಕೋಲಿಗಿಂತ ಎರಡು ಇಂಚು ಕೆಳಗಿರಬೇಕು. ಕಾರು ಮಗುಚಿದರೆ ನೆಲಕ್ಕೆ ತಾಗಬೇಕಾದ್ದು ಬಾರು, ತಲೆಯಲ್ಲ, ಅನ್ನೋದು ಲೆಕ್ಕ. ನನ್ನ ಹೆಲ್ಮೆಟ್ಟು ಕೋಲನ್ನೇ ಎತ್ತಿ ಹಿಡಿದಿತ್ತು! ಪರೀಕ್ಷೆ ಮಾಡಿದಾತ ನಕ್ಕು, "ಸೀಟು ಬದಲಾಯಿಸು, ಇಲ್ಲಾ ಕಾಲು ಕತ್ತರಿಸು" ಅಂದ.

ಹಾಗೆ ಬಂತು ರೇಸಿಂಗ್ ಸೀಟಿನ ಹುಚ್ಚು.

ನೋಡಿರುತ್ತೀರಿ. ಒಂದೇ ತುಂಡಿನ ಗಟ್ಟಿ ಚಿಪ್ಪು, ಬೆನ್ನು ಹಿಂದೆ ಮುಂದೆ ಬಾಗುವುದಿಲ್ಲ, ತೊಡೆ, ಸೊಂಟ, ಭುಜಗಳನ್ನು ಎರಡೂ ಕಡೆಯಿಂದ ರೆಕ್ಕೆಗಳು ತಬ್ಬಿ ಹಿಡಿಯುತ್ತವೆ. ತಿರುವಿನಲ್ಲಿ ಸ್ಟೀರಿಂಗಿಗೆ ಜೋತುಬೀಳದೆ ಆರಾಮಾಗಿ ಓಡಿಸಬಹುದು. ಮೂಲ ಸೀಟಿಗಿಂತ ಎಷ್ಟೋ ಕೆಳಗೆ ಕೂರಿಸಬಹುದು. ಸ್ಪಾರ್ಕೊ, ಬ್ರೈಡ್, ರೆಕಾರೊ ಅಂತ ಹೆಸರುಗಳು. (ರೆಕಾರೊ ಅಂದರೆ ಏನು ಅಂತ ಹುಡುಕಿದೆ. ರಾಯ್ಟರ್ ಕರೋಸರಿ, ಹಳೆಯ ಪೋರ್ಷೆಗಳಿಗೆ ಬಾಡಿ ಕಟ್ಟುತ್ತಿದ್ದ ಸ್ಟುಟ್‌ಗಾರ್ಟಿನ ಕಂಪನಿ. ಎರಡು ಪದದ ಬಾಲ ಕತ್ತರಿಸಿ ಒಂದು ಹೆಸರು. ನಮ್ಮ 'ಬಮೂಲ್' ಥರಾ.) ಬಾಗಿಲಿಗೂ ನಡುವಿನ ಟನಲ್ಲಿಗೂ ಮಧ್ಯೆ ಸುಮಾರು ಇಪ್ಪತ್ತು ಇಂಚು ಜಾಗವಿರುವ ಈ ಕಾರಿಗೆ ಹೊಂದುವ ಸೀಟುಗಳು ಕಡಿಮೆ. ಹುಡುಕಿ ಹುಡುಕಿ ಎರಡು ತರಿಸಿದೆ. ಒಂದೇ ಸಾಕಿತ್ತು. ಆದರೆ ಜೋಡಿ ಇದ್ದರೆ ಚೆಂದ ಅಲ್ವಾ...

ಮೂಲ ಸೀಟು ತೆಗೆಯೋದು ಸುಲಭ. ನಾಲ್ಕು ಬೋಲ್ಟು, ಹದಿನಾಲ್ಕರ ಸಾಕೆಟ್ಟು, ಹತ್ತು ನಿಮಿಷ. ಸೀಟನ್ನು ಹೊರಗೆ ಎತ್ತಿದೆ. ಅದರ ಜೊತೆಗೇ ಬೆಲ್ಟಿನ ಬಕಲ್ಲೂ, ಅಂದರೆ ಟಕ್ ಅಂತ ಕೂರುವ ಆ ಲಾಕೂ ಹೊರಗೆ ಬಂತು! ಯಾಕಂದರೆ ಈ ಕಾರಿನಲ್ಲಿ ಬಕಲ್ ಇರೋದು ನೆಲಕ್ಕಲ್ಲ, ಸೀಟಿನ ಚೌಕಟ್ಟಿಗೆ. ಹೊಸ ಸೀಟಿನಲ್ಲಿ ಅದನ್ನು ಕೂರಿಸಲು ಜಾಗವೇ ಇಲ್ಲ. ಆ ಸೀಟು ಮಾಡಿದವರು ಅದಕ್ಕೆ ನಾಲ್ಕು ಅಥವಾ ಆರು ಕಡೆ ಬಿಗಿಯುವ ರೇಸಿಂಗ್ ಹಾರ್ನೆಸ್ ಹಾಕುತ್ತಾರೆ ಅಂತ ಅಂದುಕೊಂಡೇ ಮಾಡಿದ್ದು.

ಹಾರ್ನೆಸ್ಸೇ ಹಾಕಿಬಿಡು ಅಂತ ಗೆಳೆಯನೊಬ್ಬ ಹೇಳಿದ. ನಾನೂ ಒಂದು ವಾರ ಓದಿದೆ. ಓದುತ್ತಾ ಹೋದ ಹಾಗೆ ಹೆದರಿಕೆಯಾಯಿತು.

ಮಾಮೂಲಿ ಮೂರು ಬಿಂದುವಿನ ಬೆಲ್ಟು 1959ರಲ್ಲಿ ವೋಲ್ವೊ ಕಂಪನಿಯ ನಿಲ್ಸ್ ಬೋಲಿನ್ ರೂಪಿಸಿದ್ದು. ಪೇಟೆಂಟನ್ನು ಕಂಪನಿ ಎಲ್ಲರಿಗೂ ಬಿಟ್ಟುಕೊಟ್ಟಿತು. ಬೆಲ್ಟು ಎದೆಯನ್ನು ಹಿಡಿಯುತ್ತದೆ, ಆದರೆ ಪೂರ್ತಿ ಕಟ್ಟಿಹಾಕುವುದಿಲ್ಲ. ಗುದ್ದಿದಾಗ ಮೈ ಸ್ವಲ್ಪ ಮುಂದೆ ಬಾಗುತ್ತದೆ, ತಿರುಗುತ್ತದೆ, ಆಮೇಲೆ ಏರ್‌ಬ್ಯಾಗ್ ಸಿಗುತ್ತದೆ. ಕಾರಿನ ಏರ್‌ಬ್ಯಾಗಿನ ಹೊತ್ತಿನ ಲೆಕ್ಕವೆಲ್ಲ ಈ ಬೆಲ್ಟನ್ನು ನಂಬಿದೆ. ಹಾರ್ನೆಸ್ ಎರಡೂ ಭುಜಗಳನ್ನು ಸೀಟಿಗೆ ಬಿಗಿದುಬಿಡುತ್ತದೆ. ಆಗ ಮುಂದೆ ಹೋಗೋದು ತಲೆ ಮಾತ್ರ, ಕತ್ತಿನ ಮೇಲೆ. 2001ರ ಫೆಬ್ರವರಿಯಲ್ಲಿ ಡೇಲ್ ಅರ್ನ್‌ಹಾರ್ಟ್ ಡೇಟೋನಾದಲ್ಲಿ ತೀರಿಕೊಂಡದ್ದು ತಲೆಬುರುಡೆಯ ಬುಡ ಒಡೆದು. ಅದೇ ವರ್ಷ ಅಕ್ಟೋಬರಿನಲ್ಲಿ ನ್ಯಾಸ್ಕಾರ್ ತಲೆ ಮತ್ತು ಕತ್ತಿಗೆ ರಕ್ಷಣೆಯ ಸಾಧನ ಕಡ್ಡಾಯ ಮಾಡಿತು. ಹ್ಯಾನ್ಸ್ ಅನ್ನುವ ಆ ಸಾಧನವನ್ನು ರಾಬರ್ಟ್ ಹಬ್ಬರ್ಡ್ ಮತ್ತು ಜಿಮ್ ಡೌನಿಂಗ್ 1980ರ ದಶಕದಲ್ಲೇ ಮಾಡಿಟ್ಟಿದ್ದರು. ಹಾಕಿಕೊಳ್ಳುವವರು ಕಡಿಮೆ ಇದ್ದರು ಅಷ್ಟೇ. ಹೆಲ್ಮೆಟ್ಟು, ಹ್ಯಾನ್ಸು ಎರಡೂ ಹಾಕಿಕೊಂಡು ನಾನು ತರಕಾರಿ ತರೋಕೆ ಹೋಗಲಾರೆ. ಇನ್ನು ನಾಲ್ಕೇ ಪಟ್ಟಿಯ ಅಗ್ಗದ ಹಾರ್ನೆಸ್ಸಿನಲ್ಲಿ ಕಾಲ ಸಂದಿಯ ಪಟ್ಟಿ ಇರೋದಿಲ್ಲವಾದ್ದರಿಂದ, ಭುಜದ ಪಟ್ಟಿಗಳು ಸೊಂಟದ ಪಟ್ಟಿಯನ್ನು ಹೊಟ್ಟೆಗೆ ಎಳೆದುಬಿಡುವ ಅಪಾಯ ಬೇರೆ.

ಹಾಗಾಗಿ ತೀರ್ಮಾನ: ಸೀಟು ರೇಸಿನದು, ಬೆಲ್ಟು ಕಾರ್ಖಾನೆಯದು. ಸೀಟು ಪಕ್ಕಕ್ಕೆ ಜಾರದಂತೆ ಹಿಡಿಯಲಿ, ಗುದ್ದಿದಾಗ ಬೆಲ್ಟು ನೋಡಿಕೊಳ್ಳಲಿ. ಕೇಳೋಕೆ ಎಷ್ಟು ಸರಳ ಅಲ್ವಾ?

ನಾನು ಮೊದಲ ಸಲ ಮಾಡಿದ್ದು ಹೀಗೆ. ಬಕಲನ್ನು ಸೀಟಿನ ಒಳಬದಿಯ ಹಿಂದಿನ ಬೋಲ್ಟಿಗೇ ಸೇರಿಸಿ ನೆಲಕ್ಕೆ ಬಿಗಿದೆ. ಬೆಲ್ಟನ್ನು ಸೀಟಿನ ರೆಕ್ಕೆಗಳ ಮೇಲಿಂದ ತಂದು ಲಾಕು ಮಾಡಿದೆ. ಟಕ್ ಅಂತು. ಫೋಟೋ ತೆಗೆದೆ. ನೋಡೋಕೆ ಭಾರಿ ಚೆನ್ನಾಗಿತ್ತು. ಎರಡೂ ಕಡೆ ಹಾಗೇ ಮಾಡಿ, ಕೈ ತೊಳೆದುಕೊಂಡು, ಏನೋ ಸಾಧಿಸಿದ ಹಾಗೆ ಚಹಾ ಕುಡಿದೆ.

ಮುಂದಿನ ವಾರ ಅಪ್ಪ ಬಂದರು.

ಅಪ್ಪನ ಬಗ್ಗೆ ಹೇಳಬೇಕು. ತಿಪಟೂರಿನ ಬಿ.ಎಚ್. ರಸ್ತೆಯಲ್ಲಿ ಮೂವತ್ತು ವರ್ಷ ಅಪ್ಪನ ಕುಶನ್ ಅಂಗಡಿ ಇತ್ತು. ಆಟೋ ಸೀಟು, ಜೀಪಿನ ಟಾಪು, ಲಾರಿ ಕ್ಯಾಬಿನ್ನು, ಮಾರುತಿ ಕಾರಿಗೆ ರೆಕ್ಸಿನ್ ಕವರು, ಎಲ್ಲಾ. ಕೊಬ್ಬರಿ ಮಂಡಿಯವರ ಕಾರುಗಳೆಲ್ಲ ಅಪ್ಪನ ಕೈಯಲ್ಲೇ ಬಟ್ಟೆ ಉಟ್ಟಿದ್ದವು. ಫೋಮನ್ನು ಹೆಬ್ಬೆರಳಿನಿಂದ ಒತ್ತಿ, ಅದು ಎಷ್ಟು ಹೊತ್ತಿಗೆ ವಾಪಸ್ ಏಳುತ್ತೆ ನೋಡಿ, ಇದು ಎಷ್ಟು ವರ್ಷ ಬಾಳುತ್ತೆ ಅಂತ ಹೇಳಿಬಿಡುತ್ತಿದ್ದರು. ನನ್ನ ಇಂಜಿನಿಯರಿಂಗ್ ಫೀಸು ಅಂದರೆ ಎಷ್ಟು ಮೀಟರ್ ರೆಕ್ಸಿನ್ನು ಅಂತ ನನಗೆ ಗೊತ್ತು.

ಅಂಥವರಿಗೆ ನನ್ನ ಸೀಟು ತೋರಿಸುವ ಆಸೆ ಇರಲ್ವೇ? ಗ್ಯಾರೇಜಿಗೆ ಕರೆದುಕೊಂಡು ಹೋದೆ. ಅಪ್ಪ ಎಲ್ಲ ಕಡೆ ಹೆಬ್ಬೆರಳು ಒತ್ತಿ ನೋಡಿದರು. "ಫೋಮು ಕಮ್ಮಿ, ಹೊಲಿಗೆ ಚೆನ್ನಾಗಿದೆ" ಅಂತ ಸರ್ಟಿಫಿಕೇಟು ಕೊಟ್ಟರು. ಆಮೇಲೆ ಕಷ್ಟಪಟ್ಟು, ಒಂದು ಕೈ ನನ್ನ ಭುಜದ ಮೇಲಿಟ್ಟು, ಪಕ್ಕದ ಸೀಟಿನೊಳಗೆ ಇಳಿದರು. ಬೆಲ್ಟು ಎಳೆದು ಹಾಕಿಕೊಂಡರು. ಹಾಕಿಕೊಂಡವರು ಸುಮ್ಮನೆ ಕೆಳಗೆ ನೋಡುತ್ತಾ ಕೂತರು.

"ಇದು ನನ್ನನ್ನ ಹಿಡ್ಕೊಂಡಿಲ್ಲ ಕಣೋ. ಸೀಟನ್ನ ಹಿಡ್ಕೊಂಡಿದೆ."

ಬಗ್ಗಿ ನೋಡಿದೆ. ನಿಜ. ಎರಡು ರೆಕ್ಕೆಗಳ ಮೇಲೆ ಬೆಲ್ಟು ಸೇತುವೆಯ ಹಾಗೆ ನಿಂತಿತ್ತು. ಅಪ್ಪನ ತೊಡೆಗೂ ಬೆಲ್ಟಿಗೂ ನಡುವೆ ನನ್ನ ಇಡೀ ಅಂಗೈ ಹೋಗುತ್ತಿತ್ತು. ಅದು ಮುಟ್ಟುತ್ತಿದ್ದದ್ದು ಹೊಟ್ಟೆಯ ಮೆತ್ತಗಿನ ಭಾಗವನ್ನು ಮಾತ್ರ. ಬಕಲ್ಲು ರೆಕ್ಕೆಯ ಅಂಚಿನ ಮೇಲೆ ಸೊಟ್ಟಗೆ ಬಾಗಿ ಕೂತಿತ್ತು.

ಓದಿದ್ದೆಲ್ಲ ಒಮ್ಮೆಗೇ ನೆನಪಾಯಿತು. ಸೊಂಟದ ಬೆಲ್ಟು ಕೂರಬೇಕಾದ್ದು ಹೊಟ್ಟೆಯ ಮೇಲಲ್ಲ, ಕೆಳಗೆ, ಸೊಂಟದ ಮೂಳೆಯ ಮೇಲೆ. ಮೂಳೆ ತಡೆಯುತ್ತದೆ, ಕರುಳು ತಡೆಯುವುದಿಲ್ಲ. ಬೆಲ್ಟು ಮೇಲಿದ್ದರೆ ಗುದ್ದಿದಾಗ ಮೈ ಅದರ ಕೆಳಗೆ ಜಾರಿ ಹೋಗುತ್ತದೆ, ಸಬ್‌ಮರೀನಿನ ಹಾಗೆ. ಬಕಲ್ಲಾದರೂ ಅಷ್ಟೇ, ಅದನ್ನು ಮಾಡಿರೋದು ನೇರ ಎಳೆತಕ್ಕೆ, ಅಂಚಿನ ಮೇಲೆ ಬಾಗಿಸಿ ಎಳೆಯೋಕಲ್ಲ. ಅಮೆರಿಕದ ಮಾನದಂಡ 210ರ ಪ್ರಕಾರ ಸೊಂಟದ ಬೆಲ್ಟಿನ ಕೋನ ನೆಲಕ್ಕೆ 30ರಿಂದ 75 ಡಿಗ್ರಿಯೊಳಗಿರಬೇಕು, ಬುಡಗಳು ಸೊಂಟದ ಭಾಗಕ್ಕೆ 3,000 ಪೌಂಡು, ಎದೆಯ ಭಾಗಕ್ಕೆ 3,000 ಪೌಂಡು ಎಳೆತವನ್ನು ಒಟ್ಟಿಗೇ ತಡೆಯಬೇಕು. ಯಾಕಿಷ್ಟು? ಲೆಕ್ಕ ಹಾಕಿ ನೋಡಿ. 75 ಕಿಲೋ ಮನುಷ್ಯ, 50 ಕಿಲೋಮೀಟರ್ ವೇಗ, ಕಾರು ನುಜ್ಜಾಗಿದ್ದೂ ಬೆಲ್ಟು ಹಿಗ್ಗಿದ್ದೂ ಸೇರಿ ಅವನು ನಿಲ್ಲೋದಕ್ಕೆ 60 ಸೆಂಟಿಮೀಟರ್ ಸಿಕ್ಕಿತು ಅಂದರೂ, ಸರಾಸರಿ ಸುಮಾರು 1,200 ಕಿಲೋ ತೂಕದ ಎಳೆತ. ಹೆಚ್ಚುಕಡಿಮೆ ಎರಡು ಮಾರುತಿ 800 ಕಾರುಗಳನ್ನು ನೇತುಹಾಕಿದ ಹಾಗೆ. ಅದೂ ಅಪ್ಪನ ಹೊಟ್ಟೆಗೆ.

ಇನ್ನೊಂದು ಸೂಕ್ಷ್ಮ ಆಗಲೇ ಹೊಳೆದದ್ದು. ಬಕಲನ್ನು ಕಾರ್ಖಾನೆಯವರು ಸೀಟಿಗೇ ಯಾಕೆ ಬಿಗಿದಿದ್ದರು? ಸೀಟು ಹಿಂದೆ ಮುಂದೆ ಸರಿದರೂ ಬಕಲ್ಲು ಜೊತೆಗೇ ಸರಿಯಲಿ, ಕೋನ ಬಹಳ ಕೆಡದಿರಲಿ ಅಂತ. ನೆಲಕ್ಕೆ ಬಿಗಿದರೆ ಕುಳ್ಳಗಿರುವವರು ಸೀಟು ಮುಂದೆ ತಂದಾಗ ಒಂದು ಕೋನ, ಉದ್ದದವರಿಗೆ ಇನ್ನೊಂದು. ಡ್ರೈವರ್ ಸೀಟಿನಲ್ಲಿ ಕೂರೋದು ನಾನೊಬ್ಬನೇ. ಪಕ್ಕದ ಸೀಟಿನಲ್ಲಿ? ಹೆಂಡತಿ ಐದಡಿ ಎರಡಿಂಚು, ಟ್ರ್ಯಾಕಿನಲ್ಲಿ ಕಲಿಸುವವರು ಯಾರೋ, ಈಗ ಅಪ್ಪ...

ಅಪ್ಪ ಇಳಿದು, ಒಂದು ಮಾತೂ ಆಡದೆ ಒಳಗೆ ಹೋದರು. ಮುದುಕರಿಗೆ ಹತ್ತಿ ಇಳಿಯೋದು ಕಷ್ಟವಾಯಿತೇನೋ ಅಂದುಕೊಂಡೆ. ರಾತ್ರಿ ಊಟವಾದ ಮೇಲೆ ಅವರೇ ಗ್ಯಾರೇಜಿಗೆ ಬಂದು, ಹಳೆಯ ಸೀಟಿನ ಮೇಲೆ ಕೂತು, ನಾನು ಈವರೆಗೆ ಕೇಳಿರದ ಒಂದು ವಿಷಯ ಹೇಳಿದರು.

2008. ನಾನಾಗ ಆರನೇ ಕ್ಲಾಸು. ಮಂಡಿಯ ವ್ಯಾಪಾರಿಯೊಬ್ಬರು ಕಾರಿಗೆ ಮರೂನ್ ಬಣ್ಣದ ರೆಕ್ಸಿನ್ ಹಾಕಿಸಿದ್ದರು. "ಆ ಲಾಕು ಪಕ್ಕೆಗೆ ಚುಚ್ಚುತ್ತೆ, ಕವರಿನ ಒಳಗೆ ತಳ್ಳಿ ಹೊಲಿದುಬಿಡು" ಅಂದರಂತೆ. ಅಪ್ಪ ಹೊಲಿದುಕೊಟ್ಟರು. ಆಗೆಲ್ಲ ಹತ್ತರಲ್ಲಿ ಎಂಟು ಜನ ಹಾಗೇ ಕೇಳುತ್ತಿದ್ದರಂತೆ. ಐದಾರು ತಿಂಗಳ ಮೇಲೆ ಗುಬ್ಬಿಯ ಹತ್ತಿರ ಆ ಕಾರು ನಿಂತಿದ್ದ ಲಾರಿಗೆ ಹಿಂದಿನಿಂದ ಗುದ್ದಿತು. ತುಮಕೂರು ತಲುಪುವ ಮೊದಲೇ ಅವರು ಹೋದರು. ಕಾರನ್ನು ಎಳೆದು ತಂದು ನಿಲ್ಲಿಸಿದಾಗ ಅಪ್ಪ ನೋಡೋಕೆ ಹೋಗಿದ್ದರು.

"ಸ್ಟೀರಿಂಗು ಬಗ್ಗಿತ್ತು. ಸೀಟು ಏನೂ ಆಗಿರ್ಲಿಲ್ಲ. ನನ್ನ ಹೊಲಿಗೆ ಒಂದು ದಾರ ಬಿಟ್ಟಿರ್ಲಿಲ್ಲ. ಕವರಿನ ಮೇಲೆ ಕೈ ಆಡಿಸ್ದೆ. ಲಾಕು ಒಳಗೇ ಇತ್ತು. ಕೈಗೆ ಸಿಕ್ತು."

ಅಷ್ಟೇ ಹೇಳಿದ್ದು. ಬೆಲ್ಟು ಹಾಕಿದ್ದರೆ ಉಳಿಯುತ್ತಿದ್ದರೋ ಇಲ್ಲವೋ, ಲಾಕು ಹೊರಗಿದ್ದರೂ ಅವರು ಹಾಕಿಕೊಳ್ಳುತ್ತಿದ್ದರೋ ಇಲ್ಲವೋ ಯಾರಿಗೆ ಗೊತ್ತು? ಹಾಗಂತ ಹೇಳೋಣ ಅಂದುಕೊಂಡೆ. ಹದಿನೈದು ವರ್ಷಕ್ಕೂ ಮೇಲೆ ಅಪ್ಪ ಇದನ್ನೇ ತಮಗೆ ತಾವು ಹೇಳಿಕೊಂಡಿರಬೇಕು ಅನ್ನಿಸಿ ಸುಮ್ಮನಾದೆ.

ನನಗೆ ಒಂದು ಮಾತ್ರ ನೆನಪಿತ್ತು. ಹೈಸ್ಕೂಲಿನ ರಜೆಯಲ್ಲಿ ಅಂಗಡಿಯಲ್ಲಿ ಕೂರುತ್ತಿದ್ದಾಗ, ಪ್ರತಿ ಕವರಿನಲ್ಲೂ ಬಕಲ್ಲಿಗೆ ಅಂತ ಒಂದು ಸೀಳು ಬಿಟ್ಟು, ಸುತ್ತ ಪೈಪಿಂಗ್ ಹೊಲಿಯುವ ಕೆಲಸ ನನ್ನದಾಗಿತ್ತು. ಹಿಂದಿನ ಸೀಟಿಗೂ. ಅದಕ್ಕೆ ದುಡ್ಡು ತಗೊಳ್ಳುತ್ತಿರಲಿಲ್ಲ. "ಬೇಡ, ಮುಚ್ಚಿಬಿಡಿ" ಅಂದವರಿಗೆ "ಹಂಗಾದ್ರೆ ಬೇರೆ ಅಂಗಡಿ ನೋಡ್ಕಳಿ" ಅನ್ನುತ್ತಿದ್ದರು. ಗಿರಾಕಿ ಕಳೆದುಕೊಳ್ಳೋ ಹಟ ಯಾಕೆ ಅಂತ ಅಮ್ಮ ರೇಗುತ್ತಿದ್ದಳು. ಯಾಕೆ ಅಂತ ನನಗೆ ಗೊತ್ತಾದದ್ದು ಆ ರಾತ್ರಿ, ಹದಿಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ.

ಮಾರನೇ ದಿನದಿಂದ ಅಪ್ಪ ಮಗ ಇಬ್ಬರೂ ಕೆಲಸಕ್ಕೆ ಇಳಿದೆವು.

ಡ್ರೈವರ್ ಸೀಟು ರೇಸಿನದೇ ಇರಲಿ ಅಂತಾಯಿತು. ಆದರೆ ಜಾರುಹಳಿ ತೆಗೆದು, ನನ್ನ ಕಾಲಿನ ಅಳತೆಗೆ ಒಂದೇ ಕಡೆ ಬಿಗಿದೆವು. ಈ ಕಾರಿಗೆಂದೇ ಮಾಡಿದ, ಬಕಲ್ಲಿಗೆ ಬೇರೆಯೇ ಕಿವಿ ಇರುವ ದಪ್ಪ ಉಕ್ಕಿನ ಬುಡ ತರಿಸಿದೆ. ಬೆಲ್ಟುಗಳಿಗೆ ಅಂತಲೇ ಬರುವ 7/16 ಇಂಚಿನ ಬೋಲ್ಟು, ಟಾರ್ಕ್ ವ್ರೆಂಚಿನಲ್ಲಿ ಬಿಗಿ. ಸೀಟಿನ ಪಕ್ಕದಲ್ಲಿ ಹಾರ್ನೆಸ್ಸಿಗೆ ಅಂತ ರಂಧ್ರಗಳಿರುತ್ತವಲ್ಲ, ಒಳಬದಿಯ ರಂಧ್ರದಿಂದ ಬಕಲ್ಲು ನೇರವಾಗಿ ನನ್ನ ಸೊಂಟದ ಪಕ್ಕಕ್ಕೆ ಬರುವ ಹಾಗೆ ಮಾಡಿದೆವು. ಹೊರಬದಿಯಲ್ಲಿ ಬೆಲ್ಟಿನ ಕೆಳಗಿನ ಬುಡವನ್ನು ಬಿಚ್ಚಿ, ರಂಧ್ರದೊಳಗಿಂದ ತೂರಿಸಿ, ಮತ್ತೆ ಅದರ ಜಾಗಕ್ಕೇ ಬಿಗಿದೆವು. ಈಗ ಬೆಲ್ಟು ರೆಕ್ಕೆಯ ಮೇಲೆ ಹೋಗುವುದಿಲ್ಲ, ರೆಕ್ಕೆಯೊಳಗಿಂದ ಬಂದು ಮೂಳೆಯ ಮೇಲೆ ಕೂರುತ್ತದೆ. ರಂಧ್ರದ ಅಂಚು ಬೆಲ್ಟಿನ ನೂಲನ್ನು ತಿನ್ನದ ಹಾಗೆ ಅಪ್ಪ ಸುತ್ತಲೂ ಪೈಪಿಂಗ್ ಹಾಕಿದರು. ಅದೇ ಹಳೆಯ ಹೊಲಿಗೆ. ನಾನು ಏನೂ ಹೇಳಲಿಲ್ಲ, ಅವರೂ ಹೇಳಲಿಲ್ಲ.

ಪಕ್ಕದ ರೇಸಿಂಗ್ ಸೀಟು ಮಾರಿಬಿಟ್ಟೆ. ಮೂಲ ಸೀಟೇ ವಾಪಸ್ ಬಂತು, ಸೀಟಿನ ಜೊತೆ ಸರಿಯುವ ಬಕಲ್ಲಿನ ಸಮೇತ. ಆದರೆ ಟ್ರ್ಯಾಕಿನಲ್ಲಿ ಕಲಿಸುವವರ ತಲೆಯೂ ಕೋಲಿನ ಕೆಳಗಿರಬೇಕಲ್ಲ? ಅದಕ್ಕೆ ಮಿಯಾಟಾ ಜನರ ಹಳೇ ಉಪಾಯ ಇದೆ: ಸೀಟಿನ ಕವರು ಬಿಚ್ಚಿ, ಒಳಗಿನ ಫೋಮನ್ನು ತಳದಿಂದ ಕತ್ತರಿಸೋದು. ಅಪ್ಪ ಅಡುಗೆಮನೆಯ ಬ್ರೆಡ್ಡು ಕತ್ತರಿಸುವ ಚಾಕು ತಂದರು. (ಹೆಂಡತಿ ಇನ್ನೂ ಕ್ಷಮಿಸಿಲ್ಲ.) ಹೆಬ್ಬೆರಳು ಒತ್ತಿ ಒತ್ತಿ, ಹಿಂಭಾಗದಲ್ಲಿ ಮಾತ್ರ ಒಂದೂವರೆ ಇಂಚು ತೆಗೆದರು. ಮುಂದಿನ ಅಂಚು ಮುಟ್ಟಲಿಲ್ಲ. "ಮುಂದೆ ಎತ್ತರ ಇರ್ಬೇಕು. ಇಲ್ಲಾಂದ್ರೆ ಕೂತೋರು ಮುಂದಕ್ಕೆ ಜಾರ್ತಾರೆ." ನಾನು ವಾರಗಟ್ಟಲೆ ಓದಿ ತಿಳಿದುಕೊಂಡ ಸಬ್‌ಮರೀನಿನ ಪಾಠ ಅವರಿಗೆ ಹೆಬ್ಬೆರಳಿನಲ್ಲೇ ಇತ್ತು. ರೋಲ್ ಬಾರಿಗೂ ಗಟ್ಟಿ ಪ್ಯಾಡಿಂಗ್ ಸುತ್ತಿದೆವು. ರಸ್ತೆಯಲ್ಲಿ ಹೆಲ್ಮೆಟ್ ಇರೋದಿಲ್ಲ, ಬರಿತಲೆಗೆ ಉಕ್ಕಿನ ಕೊಳವೆ ಬಡಿದರೆ ಕಾಪಾಡಬೇಕಾದ್ದೇ ಕೊಲ್ಲುತ್ತದೆ.

ಅಪ್ಪ ಊರಿಗೆ ಹೊರಡುವ ಹಿಂದಿನ ಶನಿವಾರ ಥಂಡರ್‌ಹಿಲ್ಲಿಗೆ ಹೋದೆವು. ಕೋಲು ಇಟ್ಟರು. ಪಾಸು! ಎರಡಿಂಚಿಗೆ ಒಂದು ದಾರದಷ್ಟು ಹೆಚ್ಚೇ. ಅಪ್ಪ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ದಿನವಿಡೀ ಕೂತಿದ್ದರು. ನನ್ನ ಕಾರು ಎಷ್ಟು ಜೋರಾಗಿ ಹೋಯಿತು ಅಂತ ಕೇಳಲಿಲ್ಲ. ಪ್ರತಿ ಸಲ ಹೊರಡುವ ಮೊದಲು ಬಂದು, ಬಾಗಿಲ ಮೇಲಿಂದ ಕೈ ಹಾಕಿ, ಬೆಲ್ಟಿನ ಕೆಳಗೆ ಬೆರಳು ತೂರುತ್ತಾ ಅಂತ ನೋಡಿ, ತಲೆ ಆಡಿಸಿ ಹೋಗುತ್ತಿದ್ದರು. ಅಕ್ಕಪಕ್ಕದವರೆಲ್ಲ ಅವರನ್ನು ನನ್ನ ಚೀಫ್ ಇಂಜಿನಿಯರ್ ಅಂದುಕೊಂಡರು. ನಾನು ತಿದ್ದಲಿಲ್ಲ.

ಈಗ ನಿಮ್ಮ ಕೆಲಸ. 2022ರ ಸೆಪ್ಟೆಂಬರ್ 4ರಂದು ಸೈರಸ್ ಮಿಸ್ತ್ರಿ ತೀರಿಕೊಂಡಾಗ ನಾವೆಲ್ಲ ಒಂದು ವಾರ ಹಿಂದಿನ ಸೀಟಿನ ಬೆಲ್ಟಿನ ಬಗ್ಗೆ ಮಾತಾಡಿದೆವು, ಮರೆತೆವು. ನಾಳೆ ಬೆಳಿಗ್ಗೆ ನಿಮ್ಮ ಕಾರಿನ ಹಿಂದಿನ ಸೀಟಿಗೆ ಹೋಗಿ, ಕವರಿನ ಸಂದಿಗೆ ಕೈ ಹಾಕಿ. ಬಕಲ್ಲು ಕೈಗೆ ಸಿಗುತ್ತಾ? ಕವರಿನ ಒಳಗೆ ಸಿಕ್ಕಿದರೆ ಒಂದು ಬ್ಲೇಡು ತಗೊಂಡು ಸೀಳಿ ಹೊರಗೆ ತೆಗೆಯಿರಿ. ಕವರು ಹಾಳಾಯಿತು ಅಂತ ಬೇಜಾರಾಗಬೇಡಿ. ಸೀಳಿನ ಸುತ್ತ ಪೈಪಿಂಗ್ ಹೊಲಿಯೋದು ಹೇಗೆ ಅಂತ ನನಗೆ ಗೊತ್ತು, ಹೇಳಿಕೊಡ್ತೀನಿ.

ಸಿಕ್ಕಿತೋ ಇಲ್ಲವೋ ಬಂದು ತಿಳಿಸಿ. ಅಪ್ಪನಿಗೆ ಓದಿ ಹೇಳಬೇಕು.